ಬೀಸುವ ಮನೆಯ ಎಂಟು ಕಿಂಡಿಗಳು

"ಮುತ್ತಿನಕೋಟೆಯ ದೊರೆ ಗಂಡರಾಯರು ಸಾರಿಸುವುದೇನೆಂದರೆ, ಗುಡ್ಡದ ಮೇಲಿನ ಬೀಸುವ ಮನೆಯನ್ನು ರಕ್ಕಸನೊಬ್ಬ ಹಿಡಿದು ಕೂತಿದ್ದಾನೆ. ಅವನ ಮೂರು ಒಗಟು ಬಿಡಿಸಿದವರಿಗೆ ಆ ಮನೆ, ಅದರೊಳಗಿನ ಜನ, ಮೇಲೆ ಅರ್ಧ ರಾಜ್ಯ. ತಪ್ಪಿದವರು ಅವನ ಹೊಟ್ಟೆಗೆ."

ಡಂಗುರದವನು ಹೊಟ್ಟೆಯ ಮಾತನ್ನು ಸ್ವಲ್ಪ ಮೆಲ್ಲಗೇ ಹೇಳಿದ. ಆದರೂ ಛತ್ರದಲ್ಲಿ ಊಟ ಬಡಿಸುತ್ತಿದ್ದ ದುರುಗಿಗೆ ಎಲ್ಲ ಕೇಳಿಸಿತು. ಅವಳ ಕಿವಿ ನಿಂತದ್ದು 'ಒಳಗಿನ ಜನ' ಎಂಬಲ್ಲಿ. ಜೋಳ ಬೀಸಿಸಿಕೊಂಡು ಬರುತ್ತೇನೆಂದು ಗುಡ್ಡ ಹತ್ತಿದ ಅವಳ ಅಣ್ಣ ಹಾಲಪ್ಪ ತಿರುಗಿ ಬಂದಿರಲಿಲ್ಲ. ಅವಳಿಗೆ ತನ್ನವರು ಅಂತ ಇದ್ದದ್ದು ಅವನೊಬ್ಬನೇ. ಸೌಟು ಕೆಳಗಿಡುವುದನ್ನೂ ಮರೆತು ಹೊರಟಳು.

ಬೀಸುವ ಮನೆಯ ಗೋಡೆಯಲ್ಲಿ ಸಾಲಾಗಿ ಎಂಟು ಕಿಂಡಿಗಳಿದ್ದವು. ಕಿಂಡಿಗೆ ಕಾಳು ಹಿಡಿದರೆ ಒಳಗಿನಿಂದ ಒಂದು ಕೈ ಬಂದು ತೆಗೆದುಕೊಳ್ಳುತ್ತಿತ್ತು, ಅದೇ ಕೈ ಹಿಟ್ಟು ಕೊಡುತ್ತಿತ್ತು. ಬಾಗಿಲ ಮೇಲಿನ ಹಲಗೆಯಲ್ಲಿ 'ಎಂಟು ಕೈ' ಎಂದು ಕೆತ್ತಿತ್ತು. ರಕ್ಕಸ ಹೊಸಿಲ ಮೇಲೆ ಕಾಲು ಚಾಚಿ ಕೂತು ಮೊದಲ ಒಗಟು ಹೇಳಿದ. "ಒಳಗೆ ತಿರುಗೋ ಬೀಸುಕಲ್ಲು ಎಷ್ಟು? ಬಾಗಿಲು ಮಾತ್ರ ತೆಗೆಯೋ ಹಾಗಿಲ್ಲ."

ದೊರೆಯ ಜೊತೆ ಬಂದಿದ್ದ ಸೇನಾಪತಿ ಹಲಗೆ ನೋಡಿ ಮೀಸೆ ತಿರುವಿದ. "ಎಂಟು ಕೈಗೆ ಎಂಟು ಕಲ್ಲು. ಇದೂ ಒಂದು ಒಗಟಾ?" ಎಂದ. ಮಾತು ಮುಗಿಯುವಷ್ಟರಲ್ಲಿ ಅವನೇ ಇರಲಿಲ್ಲ. ನೆಲದ ಮೇಲೆ ಪೇಟ ಬಿದ್ದಿತ್ತು, ರಕ್ಕಸ ಬಾಯಿ ಒರೆಸಿಕೊಳ್ಳುತ್ತಿದ್ದ. ನೆರೆದವರೆಲ್ಲ, ದೊರೆಯೂ ಸೇರಿ, ಹತ್ತು ಹೆಜ್ಜೆ ಹಿಂದೆ ಸರಿದರು. ಒಗಟು ಬಿಡಿಸುತ್ತೇನೆಂದು ಮೊದಲೇ ಹೆಸರು ಕೊಟ್ಟು ಸಿಕ್ಕಿಬಿದ್ದಿದ್ದ ಆಸ್ಥಾನದ ಜೋಯಿಸರು ಗೋಡೆಗೆ ಕಿವಿಯಿಟ್ಟು, "ಕೇಳೋದು ಒಂದೇ ಸದ್ದು. ಕಲ್ಲೂ ಒಂದೇ" ಎಂದರು. ಅವರ ಪಂಚಾಂಗವೂ ಪೇಟದ ಪಕ್ಕಕ್ಕೆ ಬಿತ್ತು.

ಮೂರನೆಯ ಸರದಿ ದುರುಗಿಯದು. ಊಟದ ಪಂಕ್ತಿಯಲ್ಲಿ ಅವಳು ಎಲೆ ನೋಡಿ ಬಡಿಸಿದವಳಲ್ಲ, ಕೇಳಿ ಬಡಿಸಿದವಳು. ಆ ಅಭ್ಯಾಸದಲ್ಲೇ ಮೊದಲ ಕಿಂಡಿಗೆ ಬಗ್ಗಿದಳು.

"ಯಾವ ಕಲ್ಲಿನ ಹತ್ರ ಕೂತಿದೀರಿ? ಯಾವ ಕಡೆ?"

"ಮೊದಲನೇ ಕಲ್ಲು, ಬಲಗಡೆ" ಎಂದಿತು ಒಳಗಿನ ದನಿ.

ದೊರೆ ಬೆಚ್ಚಿಬಿದ್ದ. ಆ ಕೈಗಳಿಗೆ ಬಾಯಿಯೂ ಇದ್ದೀತೆಂದು ರಾಜ್ಯದಲ್ಲಿ ಯಾರಿಗೂ ಹೊಳೆದಿರಲಿಲ್ಲ. "ಕೇಳಬಾರದು ಅಂತ ನಾನು ಹೇಳ್ಲಿಲ್ಲವಲ್ಲ" ಎಂದು ರಕ್ಕಸ ಮುಖ ಸಿಂಡರಿಸಿದ.

ಎರಡು, ಮೂರು, ನಾಲ್ಕನೇ ಕಿಂಡಿಗಳವರು ಎರಡು, ಮೂರು, ನಾಲ್ಕನೇ ಕಲ್ಲು ಎಂದರು. ಐದನೇ ಕಿಂಡಿಯವನು, "ಮೊದಲನೇ ಕಲ್ಲು, ಎಡಗಡೆ" ಎಂದ. ದುರುಗಿ ನಂಬಲಾಗದೆ ಮತ್ತೆ ಕೇಳಿದಳು. ಉತ್ತರ ಬದಲಾಗಲಿಲ್ಲ. ಆರನೆಯದು ಎರಡನೇ ಕಲ್ಲಿಗೆ ಸೇರಿತು. ಏಳನೇ ಕಿಂಡಿಯಲ್ಲಿ, "ಮೂರನೇ ಕಲ್ಲು, ಎಡಗಡೆ" ಎಂಬ ದನಿ ಬಂತು.

ಅದು ಹಾಲಪ್ಪನ ದನಿ. ಅವಳು ಕಿಂಡಿಗೆ ಇನ್ನೂ ಹತ್ತಿರ ಬಾಗಿದಳು. "ಅಣ್ಣಾ" ಎಂದಳು. "ಮೂರನೇ ಕಲ್ಲು, ಎಡಗಡೆ" ಎಂದಿತು ಅದೇ ದನಿ, ಮೊದಲಿನಷ್ಟೇ ಒಣಗಿ. ಅವಳು ಗೋಡೆ ಹಿಡಿದುಕೊಂಡು ಎಂಟನೆಯದನ್ನೂ ಕೇಳಿ ಮುಗಿಸಿ ತಿರುಗಿದಳು.

"ನಾಲ್ಕೇ ಕಲ್ಲು. ಒಂದೊಂದಕ್ಕೆ ಇಬ್ಬಿಬ್ಬರು. ಇಬ್ಬರ ಕಾಳಿನ ಬುಟ್ಟಿ ಬೇರೆ ಬೇರೆ, ಕಲ್ಲು ಒಂದೇ."

ರಕ್ಕಸ ಕಾಲು ಮಡಚಿಕೊಂಡ. "ರಾಗಿ ಒಂದು ಮೂಟೆ, ಜೋಳ ಒಂದು ಮೂಟೆ. ಎರಡೂ ಬೇಗ ಆಗಬೇಕು. ಯಾವ ಎರಡು ಕಿಂಡಿಗೆ ಕೊಡ್ತೀಯ?"

"ಒಂದು ಮತ್ತೆ ಎರಡು."

ಅಕ್ಕಪಕ್ಕದ ಕಿಂಡಿ ಹೇಳಿದಳಲ್ಲ ಎಂದು ದೊರೆ ಕಣ್ಣು ಮುಚ್ಚಿಕೊಂಡ. ತೆರೆದಾಗ ಅವಳು ಅಲ್ಲೇ ನಿಂತಿದ್ದಳು. "ಕಿಂಡಿ ಹತ್ರ ಇದ್ರೇನು, ಕಲ್ಲು ಬೇರೆ" ಎಂದಳು. "ದೂರ ಅಂತ ಒಂದು, ಐದು ಆರಿಸಿದ್ರೆ ಎರಡು ಮೂಟೆಯೂ ಒಂದೇ ಕಲ್ಲಿಗೆ ಜಗಳ ಆಡ್ತಿದ್ವು. ಮೂರು ಕಲ್ಲು ಖಾಲಿ ಕೂತಿರ್ತಿದ್ವು."

ಏಳನೇ ಕಿಂಡಿಯ ಹತ್ತಿರ ಅವಳ ಮುಖ ಬಿಳಿಚಿಕೊಂಡದ್ದನ್ನು ರಕ್ಕಸ ನೋಡಿದ್ದ. ಈಗ ದನಿ ತಗ್ಗಿಸಿದ. "ಒಂದು ಕಲ್ಲಿಗೆ ಇಬ್ಬರನ್ನ ಕೂರಿಸಿದ್ರೂ ಹಿಟ್ಟು ಎರಡರಷ್ಟು ಆಗಲ್ಲ. ಹಾಗಾದ್ರೆ ಎಡಗಡೆಯವನು ಯಾಕೆ? ಅವನು ದಂಡ, ಬೇಡದವನು ಅನ್ನು, ಈಗಲೇ ಅವನನ್ನ ಹೊರಗೆ ಬಿಡ್ತೀನಿ."

ದಂಡ ಎಂಬ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಅಂದರೆ ಅಣ್ಣ ಹೊರಗೆ. ಆದರೆ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು, ಸುಳ್ಳು ಉತ್ತರಕ್ಕೆ ಏನಾಗುತ್ತದೆಂದು ನೆಲದ ಮೇಲಿನ ಪೇಟ ಹೇಳುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳಿದಳು.

"ದಂಡ ಅಲ್ಲ. ಛತ್ರದಲ್ಲಿ ಒಂದೇ ಹಂಡೆಗೆ ನಾವು ಇಬ್ಬರು ನಿಲ್ತೀವಿ. ಒಬ್ಬಳು ಪಾತ್ರೆಗೆ ಕಾಯ್ತಿದ್ರೆ ಇನ್ನೊಬ್ಬಳು ತುಂಬಿಸ್ಕೋತಾಳೆ. ಒಬ್ಬರ ಬುಟ್ಟಿಗೆ ಕಾಳು ಬರೋದು ತಡ ಆದ್ರೆ ಇನ್ನೊಬ್ಬರ ಕಾಳು ಬೀಸ್ಬೇಕು. ಕಲ್ಲು ಸುಮ್ಮನೆ ನಿಲ್ಲಬಾರದು, ಅದಕ್ಕೇ ಎಡಗಡೆಯವನು."

ರಕ್ಕಸ ಎದ್ದು ನಿಂತ. ಬೀಗದ ಕೈಯನ್ನು ಅವಳ ಸೌಟಿನೊಳಗೆ ಹಾಕಿ, ಹಿಂದಿರುಗಿ ನೋಡದೆ ಗುಡ್ಡದಾಚೆ ಇಳಿದುಹೋದ. ಅರ್ಧ ರಾಜ್ಯದ ಮಾತು ಆಗ ನೆನಪಾಗಿ ದೊರೆಗೆ ಇನ್ನೊಂದು ಆಘಾತವಾಯಿತು, ಆದರೂ ಕೊಟ್ಟ.

ನಿಮ್ಮ ಕಂಪ್ಯೂಟರ್ ಎಚ್ಚರವಾದಾಗ ಆಪರೇಟಿಂಗ್ ಸಿಸ್ಟಮ್ ಮಾಡುವುದೂ ದುರುಗಿಯ ಕೆಲಸವೇ. ಎಷ್ಟು ಕೈ ಎಂದು ಹೇಳುವ ಬಾಗಿಲ ಹಲಗೆಯನ್ನು ಓದುತ್ತದೆ, ಅಷ್ಟಕ್ಕೇ ನಿಲ್ಲದೆ ಪ್ರೊಸೆಸರಿನ ಒಂದೊಂದು ಕೈಯನ್ನೂ, ಅಂದರೆ ಥ್ರೆಡ್ಡನ್ನೂ, ವಿಚಾರಿಸುತ್ತದೆ. ನೀನು ಯಾವ ಕೋರ್, ಅಂದರೆ ಯಾವ ಕಲ್ಲು, ನಿನ್ನ ಕೋರ್ ಹಂಚಿಕೊಂಡವರು ಯಾರು ಎಂದು ತಿಳಿದ ಮೇಲೆಯೇ ಕೆಲಸ ಹಂಚುತ್ತದೆ.

ಬಾಗಿಲು ತೆರೆಯಿತು. ಹಿಟ್ಟು ಮೆತ್ತಿ ಬೆಳ್ಳಗಾದ ಎಂಟು ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದರು. ಏಳನೆಯವನ ಮುಂದೆ ದುರುಗಿ ನಿಂತಳು. "ಮೂರನೇ ಕಲ್ಲು, ಎಡಗಡೆ" ಎಂದ ಅವನು, ಅವಳು ಕೇಳುವ ಮೊದಲೇ. ಅವಳಿಗೆ ಅಳು ಒತ್ತರಿಸಿ ಬಂತು. ಇಷ್ಟು ದಿನ ಅವನನ್ನು ಬೇರೇನನ್ನೂ ಯಾರೂ ಕೇಳಿರಲಿಲ್ಲ, ಕಿಂಡಿಯ ಹತ್ತಿರ ಅವಳೂ ಕೇಳಿರಲಿಲ್ಲ. ಸೆರಗಿನಿಂದ ಅವನ ಮುಖದ ಹಿಟ್ಟು ಒರೆಸಿದಳು.

"ನಿನ್ನ ಹೆಸರೇನು?"

ಅವನು ಬಹಳ ಹೊತ್ತು ಯೋಚಿಸಿದ. ಆಮೇಲೆ, "ಹಾಲಪ್ಪ" ಎಂದ.