ಜಗಲಿಯ ಮೇಲಿಟ್ಟ ಹಾಡು

ಟೀ ಕುಡಿಯುತ್ತ ಕೇಳಿ ಸ್ವಾಮಿ, ಕಂಪ್ಯೂಟರುಗಳಿಗೆ ಮಾತು ಕಲಿಸಿದವನು ನಾನೇ. ಸುಳ್ಳು ಬಿಡಿ, ನನ್ನ ಮಾತನ್ನು ನಮ್ಮ ಮನೆಯ ಬೆಕ್ಕೂ ಕೇಳುವುದಿಲ್ಲ. ಆದರೆ ಅವು ಮಾತಾಡಿದ್ದನ್ನು ಕದ್ದು ಕೇಳಿದ್ದೇನೆ.

ತೀರಿಹೋದ ನಮ್ಮವ್ವ ಹಾಡಿದ ಸೋಬಾನೆ ಪದವೊಂದು ನಮ್ಮ ಮುದಿ ಕಂಪ್ಯೂಟರಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಅದರ ಡಿಸ್ಕು ಕಟಕಟ ಎನ್ನತೊಡಗಿದಾಗ ಹೊಸ ಲ್ಯಾಪ್‌ಟಾಪ್ ತಂದೆ. ಅದರ ಆಪರೇಟಿಂಗ್ ಸಿಸ್ಟಂ ಬೇರೆ.

"ಅಜ್ಜಾ, ಬಾಗಿಲು ತೆಗೆದು ಹಾಡು ಕೊಡಿ" ಎಂದಿತು ಲ್ಯಾಪ್‌ಟಾಪ್.

"ನಿನ್ನ ರೀತಿನೀತಿಯೇ ಬೇರೆ. ಅಡುಗೆಮನೆವರೆಗೂ ನುಗ್ಗಿಬಿಟ್ಟರೆ?" ಎಂದಿತು ಮುದಿ ಕಂಪ್ಯೂಟರ್.

"ಹಾಗಾದರೆ ಹಾಡು ನಿಮ್ಮ ಜೊತೆಗೇ ಮಣ್ಣಾಗಲಿ!"

ನಡುವೆ ಕೂತಿದ್ದ ವೈಫೈ ಪೆಟ್ಟಿಗೆ ಇಬ್ಬರನ್ನೂ ಗದರಿತು: "ಅಜ್ಜಾ, ಅಪರಿಚಿತರು ಕೂರಲಿ ಅಂತಲೇ ಅಲ್ಲವೇ ಮನೆಗೆ ಜಗಲಿ ಕಟ್ಟೋದು? ಒಂದು ಫೋಲ್ಡರನ್ನು ಜಗಲಿ ಮಾಡಿ, ಹಾಡನ್ನು ಅಲ್ಲಿಡಿ, ಪಾಸ್‌ವರ್ಡ್ ಇವಳಿಗೆ ಹೇಳಿ. ಒಳಮನೆಗೆ ಬೀಗ ಹಾಗೇ ಇರಲಿ. ತಂಗೀ, ನೀನೂ ಹೊಸ್ತಿಲು ದಾಟಬೇಡ."

ಮುದಿ ಕಂಪ್ಯೂಟರ್ ಏದುಸಿರು ಬಿಡುತ್ತ ಹಾಡನ್ನು ತಂದಿಟ್ಟಿತು. ಲ್ಯಾಪ್‌ಟಾಪ್ ಎತ್ತಿಕೊಂಡು, "ಇಷ್ಟು ವರ್ಷ ಕಾಪಾಡಿದಿರಿ. ನಿಮ್ಮ ಋಣ ದೊಡ್ಡದು ಅಜ್ಜಾ" ಎಂದಿತು.

"ಋಣ ನನ್ನದು ಕಣಮ್ಮ. ಹೊರೆ ಇಳಿಸಿಕೊಳ್ಳಲು ನೀನು ಬಂದೆಯಲ್ಲ."

ಮಾರನೆಯ ದಿನ ಮುದಿ ಕಂಪ್ಯೂಟರ್ ಏಳಲಿಲ್ಲ. ಲ್ಯಾಪ್‌ಟಾಪ್ ಅವ್ವನ ದನಿಯಲ್ಲಿ ಹಾಡಿತು. ಮುದಿ ಕಂಪ್ಯೂಟರಿಗೆ ಕೈಮುಗಿದೆ. ಕಣ್ಣಿಗೆ ಧೂಳು ಬಿತ್ತೆಂದು ಹೆಂಡತಿಗೆ ಹೇಳಿದೆ, ಅದೂ ಸುಳ್ಳು. ಇಷ್ಟೆಲ್ಲದರಲ್ಲಿ ಅವ್ವನ ಹಾಡೊಂದು ಮಾತ್ರ ಅಪ್ಪಟ ನಿಜ. ಅದರ ಹೆಸರಿನಲ್ಲಾದರೂ ನನ್ನ ಟೀ ದುಡ್ಡು ನೀವೇ ಕೊಟ್ಟುಬಿಡಿ ಸ್ವಾಮಿ.