ಬರೆ ಹಾಕದ ಕಬ್ಬಿಣ

ಕರಡಿಹಾಳದ ಪೂಜ್ಯ ನಿರ್ವಾಣಮ್ಮ ತಾಯಿಯವರ ಮಠವೆಂದರೆ ಎರಡಂಕಣದ ಒಂದು ಮಣ್ಣಿನ ಮನೆ, ಮುಂದೊಂದು ಬೇವಿನ ಮರ, ಒಲೆಯ ಮೇಲೆ ಸದಾ ಅಂಬಲಿಯ ಗಡಿಗೆ. ಬಂದವರಿಗೆ ಅಂಬಲಿ ಕೊಡುವರು, ಉಳಿದ ಹೊತ್ತಿನಲ್ಲಿ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವರು. ಅವರಿಗಿಂತ ಮುಂಚೆ ಅಲ್ಲಿದ್ದ ಗುರುಗಳು ದೆವ್ವ ಬಿಡಿಸುವುದಕ್ಕೆ ಹೆಸರಾಗಿದ್ದರು. ತ್ರಿಶೂಲದ ತುದಿಯುಳ್ಳ ಕಬ್ಬಿಣವೊಂದನ್ನು ಕೆಂಪಗೆ ಕಾಯಿಸಿ, ಬುದ್ಧಿ ಕೆಟ್ಟವರ ಮೈಗೆ ಬರೆ ಹಾಕುತ್ತಿದ್ದರು. ಗುರುಗಳು ಲಿಂಗೈಕ್ಯರಾಗಿ ಎಂಟು ವರ್ಷ ಕಳೆದರೂ ಆ ಕಬ್ಬಿಣದ ಮೇಲೆ ಜನರಿಗಿದ್ದ ನಂಬಿಗೆ ಆರಿರಲಿಲ್ಲ.

ಆ ನಂಬಿಗೆಯಿಂದಲೇ, ಒಂದು ಬೇಸಿಗೆಯ ಮುಂಜಾನೆ, ಪಾರವ್ವ ತನ್ನ ಸೊಸೆಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದಳು. ಸೊಸೆ ಕಸ್ತೂರಿಯ ಎರಡೂ ಕೈಗಳನ್ನು ಸೀರೆಯ ತುಂಡಿನಿಂದ ಬಿಗಿಯಲಾಗಿತ್ತು. ಇಪ್ಪತ್ತು ದಿನದ ಕೂಸು ಪಾರವ್ವನ ಮಡಿಲಲ್ಲಿತ್ತು. ಮಗ ಯಮನಪ್ಪ ಎತ್ತುಗಳ ಹಗ್ಗ ಹಿಡಿದು, ಯಾರ ಮುಖವನ್ನೂ ನೋಡದೆ ನಿಂತಿದ್ದ.

"ಹೆಂಡತೀನ ಇಳಸೋ. ಗರ ಬಡದೋರಂಗ ನಿಂತ್ರ ದೆವ್ವ ತಾನ ಇಳಿತೈತೇನು?" ಎಂದು ಪಾರವ್ವ ಗದರಿದಳು.

ಕಸ್ತೂರಿ ಒಂಬತ್ತು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ತನ್ನ ಹಾಲು ವಿಷವಾಗಿದೆ ಎಂದು ಕೂಸಿಗೆ ಮೊಲೆ ಕೊಡುತ್ತಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಮನೆಯ ಹಗೇವಿನ ಬಾಯಿ ತೆರೆದು, ಕೂಸನ್ನೆತ್ತಿಕೊಂಡು, ಒಳಗೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ಆಳವಾಗಿ ತೋಡಿದ ಕಣಜ. ಮುಚ್ಚಿಟ್ಟ ಹಗೇವಿನ ಗಾಳಿಗೆ ಗಟ್ಟಿ ಗಂಡಸರೇ ಉಳಿಯುವುದಿಲ್ಲ. ಯಮನಪ್ಪ ಹಿಂದಿನಿಂದ ಬಂದು ಇಬ್ಬರನ್ನೂ ಎಳೆದುಕೊಂಡಿದ್ದ.

ತಾಯಿಯವರು ಕೌದಿ ಬದಿಗಿಟ್ಟು ಎದ್ದು ಬಂದರು. ಮೊದಲು ಕಸ್ತೂರಿಯ ಕೈಕಟ್ಟು ಬಿಚ್ಚಿದರು. ಪಾರವ್ವ ಹೌಹಾರಿದಳು.

"ಬಿಚ್ಚಬ್ಯಾಡ್ರಿ ಅವ್ವಾರ! ಕಚ್ಚತಾಳ್ರಿ."

"ಕಚ್ಚಲಿ" ಎಂದು ತಾಯಿಯವರು ಅವಳನ್ನು ಕೌದಿಯ ಮೇಲೆ ಕೂರಿಸಿ ಕೇಳಿದರು: "ಏನವ್ವಾ, ಏನಾಗೈತಿ?"

ಕಸ್ತೂರಿ ಅವರ ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವಂತೆ ಹೇಳಿದಳು: "ಇದು ನನ್ನ ಕೂಸಲ್ರೀ. ಬದಲ ಮಾಡ್ಯಾರ. ನಂದು ಕೆಳಗ ಐತಿ. ಹಗೇವಿನಾಗ ಅಳಾಕತ್ತೈತಿ."

ನಿನ್ನೆಯಿಂದ ಈ ಮಾತನ್ನು ಪಾರವ್ವ ಹತ್ತು ಸಲ ಕೇಳಿದ್ದಳು. ಆ ಹಗೇವಿನಲ್ಲಿ ಅಳುವುದು ಯಾರೆಂದು ತನಗೆ ಗೊತ್ತಿದೆ ಎಂದುಕೊಂಡಿದ್ದಳು. ಅದಕ್ಕೇ ತಡಮಾಡದೆ ಗಾಡಿ ಕಟ್ಟಿಸಿದ್ದಳು.

"ಕಬ್ಬಿಣ ಕಾಸ್ರಿ ತಾಯಿ. ಲಗೂನ ಬಿಡಿಸ್ರಿ" ಎಂದು ಕಾಲಿಗೆ ಬಿದ್ದಳು.

ತಾಯಿಯವರು ಒಲೆಯತ್ತ ಕೈ ತೋರಿದರು. ಉರಿಯೊಳಗೆ ಕಟ್ಟಿಗೆ ನೂಕಲು ಇಟ್ಟಿದ್ದ ಕಬ್ಬಿಣದ ತುದಿ ಕೆಂಪಗಿತ್ತು. "ಅಲ್ಲೇ ಐತಿ. ಈಗ ಅಂಬಲಿ ಕಾಸೋ ಚಾಕರಿ ಅದಕ್ಕ." ಯಮನಪ್ಪನನ್ನು ಎತ್ತುಗಳಿಗೆ ನೀರು ಕುಡಿಸಲು ಕಳಿಸಿದರು. ಆಮೇಲೆ ಪಾರವ್ವನ ಕಡೆ ತಿರುಗಿ, "ಎಲ್ಲಿ ಹಾಕಲಿ, ತೋರಸು" ಎಂದರು.

ಪಾರವ್ವ ಕುಪ್ಪಸದ ತೋಳು ಮೇಲೇರಿಸಿದಳು. ಮೊಣಕೈ ಮೇಲೆ ತ್ರಿಶೂಲದಾಕಾರದ ಮೂರು ಗಾಯದ ಗುರುತು, ಹಳೆಯವು, ತೊಗಲಿನ ಗಂಟುಗಳಂತಿದ್ದವು. "ಇಲ್ಲಿ ನೋಡ್ರಿ. ಮತ್ತ ಹೊಟ್ಟಿ ಮ್ಯಾಲ. ನನಗೂ ಇದ ಕಬ್ಬಿಣಲೇ ಹಾಕಿದ್ರು, ಮೂವತ್ತೆರಡು ವರ್ಷಾತು."

ತಾಯಿಯವರು ಆ ಗುರುತುಗಳ ಮೇಲೆ ಬೆರಳಿಟ್ಟರು. "ಬರೆ ಹಾಕಿದ ಮ್ಯಾಲ ನಿನ್ನ ದೆವ್ವ ಹೋತೇನು ತಂಗಿ?"

ಊರವರು ಕೇಳಿದ್ದರೆ ಹೋಯಿತೆಂದೇ ಹೇಳುತ್ತಿದ್ದಳು. ಇಷ್ಟು ವರ್ಷ ಹಾಗೇ ಹೇಳಿದ್ದಳು. ಆದರೆ ಆ ಬೆರಳುಗಳು ಬರೆಯ ಮೇಲೇ ಇದ್ದವು.

"ಹೋಗ್ಲಿಲ್ರಿ" ಎಂದಳು. "ನಾನ ಸುಮ್ಮಗಾದೆ. ಮತ್ತ ಸುಡತಾರಂತ ಅಂಜಿ ಬಾಯಿ ಮುಚಗೊಂಡೆ."

ಹಾಗೆ ಶುರುವಾದ ಮಾತು ನಿಲ್ಲಲಿಲ್ಲ. ಚೊಚ್ಚಲ ಕೂಸು, ಹೆಣ್ಣು, ಹನ್ನೊಂದು ದಿನದ್ದು, ಇನ್ನೂ ಹೆಸರಿಟ್ಟಿರಲಿಲ್ಲ. ತನಗೂ ಹೀಗೇ ನಿದ್ದೆ ಬಾರದಾಗಿತ್ತು. ಯಾರೋ ಕೂಸನ್ನು ಕೊಲ್ಲಲು ಬರುತ್ತಾರೆ ಅನಿಸಿತ್ತು. ಅದನ್ನು ಬಚ್ಚಿಡಬೇಕೆಂದು ಹಗೇವಿಗೆ ಇಳಿಸಿದ್ದಳು. ಕೂಸು ಆ ಗಾಳಿಗೆ ಉಳಿಯಲಿಲ್ಲ. ದೆವ್ವ ನುಂಗಿತೆಂದು ಮನೆಯವರು ಊರಿಗೆ ಹೇಳಿದರು. ಮಣ್ಣು ಮಾಡಿದ ಮೇಲೆ ಆ ಕೂಸಿನ ಸುದ್ದಿ ಎತ್ತುವವರೇ ಇಲ್ಲ.

"ಆ ಕೂಸ ಸೊಸಿಗೆ ಹೊಕ್ಕೊಂಡೈತ್ರಿ. ನನ್ನ ಮ್ಯಾಲಿನ ಸಿಟ್ಟಿಗೆ."

"ಹನ್ನೊಂದು ದಿನದ ಕೂಸಿಗೆ ಹಸಿವಿ ಗೊತ್ತು, ಸಿಟ್ಟು ಗೊತ್ತಿಲ್ಲ" ಎಂದರು ತಾಯಿಯವರು. "ಇದು ಬಾಣಂತಿಗೆ ಬರೋ ಬ್ಯಾನಿ, ಪಾರವ್ವಾ. ಅವತ್ತು ನಿನಗ ಬಂದಿತ್ತು, ಇವತ್ತು ಇಕೀಗೆ ಬಂದೈತಿ. ಕೈ ನಿಂದು, ಮಾಡಿದ್ದು ಬ್ಯಾನಿ."

ಪಾರವ್ವ ನೆಲಕ್ಕೆ ಹಣೆ ಹಚ್ಚಿ ಅತ್ತಳು. ಅವಳ ಅಳು ಕೇಳಿ ಕೂಸೂ ಅತ್ತಿತು. ಕಸ್ತೂರಿ ಮಾತ್ರ ಎತ್ತಲೋ ನೋಡುತ್ತಿದ್ದಳು. ಅಲ್ಲಿ ಯಾವ ಪವಾಡವೂ ನಡೆಯಲಿಲ್ಲ.

ತಾಯಿಯವರು ಕಬ್ಬಿಣವನ್ನು ಒಲೆಯಿಂದೆಳೆದು ನೀರಿನ ಕೊಡದಲ್ಲಿ ಅದ್ದಿದರು. ಚುಂಯ್ ಎಂದು ಹಬೆ ಎದ್ದಿತು. ಅದೇ ಗಾಡಿ ಹತ್ತಿ, ಮೂವತ್ತು ಮೈಲಿ ದೂರದ ಜಿಲ್ಲಾ ದವಾಖಾನೆಯ ಮನಸ್ಸಿನ ಡಾಕ್ಟರರ ಹತ್ತಿರ ಅವರೇ ಕಸ್ತೂರಿಯನ್ನು ಕರೆದೊಯ್ದರು. ದಾರಿಯುದ್ದಕ್ಕೂ ಕಸ್ತೂರಿಯ ತಲೆ ಅವರ ತೊಡೆಯ ಮೇಲಿತ್ತು. ಅವಳು ಅವರ ಕೈಯನ್ನು ಎರಡು ಸಲ ಕಚ್ಚಿದಳು. ಆ ಹಲ್ಲಿನ ಗುರುತನ್ನು ಅವರು ಯಾರಿಗೂ ತೋರಿಸಲಿಲ್ಲ.

ಗುಣವಾಗಲು ಏಳು ತಿಂಗಳು ಹಿಡಿಯಿತು. ನಡುವೆ ಒಂದು ಸಲ ಮತ್ತೆ ಕೆಟ್ಟಿತು. ಗುಳಿಗೆ ನುಂಗಿಸಿದವಳೂ, ಅವಳನ್ನು ಒಂದು ಗಳಿಗೆ ಒಂಟಿ ಬಿಡದವಳೂ ಪಾರವ್ವನೇ. ಹಗೇವಿಗೆ ಹನ್ನೆರಡು ಗಾಡಿ ಮಣ್ಣು ತುಂಬಿಸಿದಳು.

ತಡವಾಗಿ ನಡೆದ ತೊಟ್ಟಿಲ ಕಾರ್ಯಕ್ಕೆ ತಾಯಿಯವರು ದಯಮಾಡಿಸಿದ್ದರು. ಮೊಮ್ಮಗನ ಕಿವಿಯಲ್ಲಿ ಹೆಸರು ಕೂಗಿ, ಆರತಿ ಬೆಳಗಿ, ಹೆಂಗಸರು ಏಳುತ್ತಿದ್ದರು. ಕಸ್ತೂರಿ ಮಗನನ್ನೆತ್ತಿ ಎದೆಗವಚಿಕೊಂಡಳು. ತೊಟ್ಟಿಲು ಬರಿದಾಯಿತು.

ತಾಯಿಯವರು ಪಾರವ್ವನನ್ನು ನೋಡಿ, "ಇನ್ನೊಂದು ಹೆಸರು ಉಳದೈತಲ್ಲ" ಎಂದರು.

ಪಾರವ್ವ ಖಾಲಿ ತೊಟ್ಟಿಲಿಗೆ ಬಾಗಿ ಒಂದು ಹೆಸರು ಕೂಗಿದಳು. ಮೂವತ್ತೆರಡು ವರ್ಷ ಮುಚ್ಚಿದ್ದ ಬಾಯಿಗೆ ಅದು ಸಲೀಸಾಗಿ ಬರಲಿಲ್ಲ. ಎರಡನೆಯ ಸಲ ಕೂಗಿದಾಗ ಎಲ್ಲರಿಗೂ ಕೇಳಿಸಿತು. ಕಸ್ತೂರಿ ಹತ್ತಿರ ಬಂದು ತೊಟ್ಟಿಲ ಹಗ್ಗಕ್ಕೆ ಕೈ ಹಚ್ಚಿದಳು, ಅತ್ತೆ ಸೊಸೆ ಇಬ್ಬರೂ ಅದನ್ನು ಸ್ವಲ್ಪ ಹೊತ್ತು ತೂಗಿದರು.