ನೀಲಿ ಬಾಗಿಲಿನ ಚಿತ್ರ

ಆ ಸರ್ಕಾರಿ ಶಾಲೆಯ ಹುಡುಗಿಯರ ಶೌಚಾಲಯಕ್ಕೆ ಬಾಗಿಲಿರಲಿಲ್ಲ. ಚಿತ್ರಕಲೆಯ ಮೇಡಂ ಮೂರು ವರ್ಷದಲ್ಲಿ ಹನ್ನೊಂದು ಅರ್ಜಿ ಬರೆದಿದ್ದರು. ಶಿಕ್ಷಣಾಧಿಕಾರಿ ರುದ್ರಮುನಿಯವರು ಹನ್ನೊಂದನ್ನೂ ಪರಿಶೀಲಿಸುತ್ತಲೇ ಇದ್ದರು.

ಅಷ್ಟರಲ್ಲಿ ಸಾಹೇಬರು ಎರಡು ದಿನದ ಎಐ ತರಬೇತಿ ಮುಗಿಸಿ ಬಂದರು. ಬಂದವರೇ ಫೋನ್ ಮಾಡಿದರು.

"ಮೇಡಂ, ಬಣ್ಣ, ಕುಂಚ ಎಲ್ಲ ಹಳೇ ಕಾಲದ್ದು. ಮಕ್ಕಳ ಕೈಲಿ ಎಐ ಚಿತ್ರ ಮಾಡಿಸಿ. ಸಂಜೆಯೊಳಗೆ ಬರದಿದ್ದರೆ ನೋಟಿಸ್."

"ವಿಷಯ ಯಾವುದು ಸರ್?"

"ನಮ್ಮ ಹೆಮ್ಮೆಯ ಶಾಲೆ."

ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಮೇಡಂ ತಮ್ಮ ಮೊಬೈಲನ್ನೇ ಏಳನೇ ತರಗತಿಯ ಹುಡುಗಿಯರಿಗೆ ಕೊಟ್ಟು, "ಶಾಲೆಯಲ್ಲಿ ಏನಿರಬೇಕೋ ಹೇಳ್ರಮ್ಮ, ಅದು ಬರೆಯುತ್ತೆ" ಅಂದರು. ಹುಡುಗಿಯರು ಯೋಚಿಸಲೂ ಇಲ್ಲ, "ಶೌಚಾಲಯಕ್ಕೆ ಬಾಗಿಲು" ಅಂದರು. ಚಿತ್ರ ಬಂತು. ಶೌಚಾಲಯಕ್ಕೆ ಗಟ್ಟಿ ನೀಲಿ ಬಾಗಿಲು, ಪಕ್ಕದಲ್ಲಿ ನಗುವ ಹುಡುಗಿ. ಅವಳ ಕೈಗೆ ಆರು ಬೆರಳು.

ಸಾಹೇಬರು ಬೆರಳು ಎಣಿಸಲಿಲ್ಲ. "ನನ್ನ ಮಾರ್ಗದರ್ಶನದಲ್ಲಿ ನಮ್ಮ ಶಾಲೆ" ಎಂದು ಬರೆದು ಜಿಲ್ಲೆಗೆ ಕಳಿಸಿದರು. ಜಿಲ್ಲೆಯ ದೊಡ್ಡ ಸಾಹೇಬರು ಅದನ್ನು ಫೋಟೋ ಎಂದೇ ನಂಬಿ, ನಾಳಿದ್ದು ಶಾಲೆ ನೋಡಲು ಬರುತ್ತೇನೆ ಎಂದರು.

ರುದ್ರಮುನಿಯವರು ಮತ್ತೆ ಫೋನ್ ಮಾಡಿದರು. "ಏನ್ರೀ ಮೇಡಂ, ಇಲ್ಲದ ಬಾಗಿಲು ತೋರಿಸಿದ್ದೀರಿ?"

"ಎಐ ತೋರಿಸಿದ್ದು ಸರ್. ದೊಡ್ಡ ಸಾಹೇಬರಿಗೆ ನೀವೇ ಹೇಳಿಬಿಡಿ, ಬಾಗಿಲಿಲ್ಲ ಅಂತ."

ಮರುದಿನವೇ ಬಡಗಿ ಬಂದ. ಸಂಜೆಗೆ ನೀಲಿ ಬಣ್ಣವೂ ಆಯಿತು. ರುದ್ರಮುನಿಯವರು ಬೆವರೊರೆಸಿಕೊಂಡು, ಚಿತ್ರವನ್ನು ಬಾಗಿಲ ಪಕ್ಕ ಹಿಡಿದು ನೋಡಿದರು.

"ಈಗ ಎಲ್ಲ ಚಿತ್ರದ ಹಾಗೇ ಇದೆ ತಾನೇ?"

"ಹುಡುಗಿಗೆ ಆರನೇ ಬೆರಳೊಂದು ಬಾಕಿ ಸರ್," ಅಂದರು ಮೇಡಂ. "ಅದಕ್ಕೂ ಅರ್ಜಿ ಬರೆಯಲಾ?"